ಹಳೇ ಯಂತ್ರ ಕೈಗೆ ಸಿಕ್ಕಿತಾ? ಮೊದಲು ಉಜ್ಜಬೇಡಿ

ಅಟ್ಟದ ಮೂಲೆ, ಮುಚ್ಚಿಹೋದ ವರ್ಕ್‌ಶಾಪಿನ ಹಿಂಭಾಗ, ಗುಜರಿ ರಾಶಿಯ ತಳ. ಒಳ್ಳೆಯ ಹಳೇ ಉಪಕರಣ ಇಂಥ ಕಡೆಯೇ ಇರುತ್ತದೆ. ಅದೂ ಬೇರೇನೋ ಹುಡುಕುವಾಗ ಸಿಗುತ್ತದೆ. ಸಿಕ್ಕ ಖುಷಿಗೆ ಜನ ತಕ್ಷಣ ಸ್ಯಾಂಡ್‌ಪೇಪರ್ ಹಿಡಿಯುತ್ತಾರೆ, ಇಲ್ಲವೇ ಪ್ಲಗ್ ಚುಚ್ಚಿ ಸ್ವಿಚ್ ಹಾಕುತ್ತಾರೆ. ನನ್ನ ಬೆಂಚಿಗೆ ಬರುವ ಯಂತ್ರಗಳಲ್ಲಿ ತುಕ್ಕು ಕೆಡಿಸಿದ್ದಕ್ಕಿಂತ ಈ ಮೊದಲ ಗಂಟೆಯ ಆತುರ ಕೆಡಿಸಿದ್ದೇ ಜಾಸ್ತಿ. ಹಾಗಾಗಿ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಸಿಕ್ಕ ಜಾಗದಲ್ಲೇ ಇನ್ನೊಮ್ಮೆ ಕೈಯಾಡಿಸಿ. ಉದ್ದ ಬಾಬಿನ್ ಹಾಕುವ ಹಳೇ ಹೊಲಿಗೆ ಯಂತ್ರದ ದೋಣಿಯಾಕಾರದ ಶಟಲ್, ತುಂಡನ್ನು ಬಿಗಿಹಿಡಿಯುವ ವೈಸಿನ ಹಿಡಿ, ಮರ ಹೆರೆಯುವ ಹತ್ತರಿಯ ಹಿತ್ತಾಳೆ ತಿರುಪು ಇಂಥವೆಲ್ಲ ಬಿದ್ದಲ್ಲೇ ಉಳಿದಿರುತ್ತವೆ.

ಆಮೇಲೆ ಬಿರುಕು ನೋಡಿ. ತುಕ್ಕು ತೆಗೆಯಬಹುದು, ಕಳೆದ ಬಿಡಿಭಾಗ ಹುಡುಕಬಹುದು. ಒಡೆದ ಬೀಡು ಕಬ್ಬಿಣದ ಕಥೆ ಬೇರೆ. ಬೆಸುಗೆ ಹಾಕಿದರೆ ತಣಿಯುವಾಗ ಪಕ್ಕದಲ್ಲೇ ಮತ್ತೆ ಬಿರಿಯುವ ಸಾಧ್ಯತೆ ಜಾಸ್ತಿ. ಅನುಮಾನದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಹತ್ತರಿಯಲ್ಲಿ ಬ್ಲೇಡ್ ಹೊರಬರುವ ಬಾಯಿಯ ಅಂಚು, ವೈಸಿನಲ್ಲಿ ದವಡೆಯ ಬುಡ, ಈ ಎರಡನ್ನಂತೂ ಬಿಡದೆ ನೋಡಿ.

ಇನ್ನು ವಯಸ್ಸು. ಸಿಂಗರ್ ಹೊಲಿಗೆ ಯಂತ್ರದ ತಳಹಲಗೆಯ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಬರೀ ಅಂಕಿಗಳಿದ್ದರೆ ಸಾಮಾನ್ಯವಾಗಿ 1900ಕ್ಕಿಂತ ಹಿಂದಿನದು. ಮುಂದೆ ಇಂಗ್ಲಿಷ್ ಅಕ್ಷರವಿದ್ದರೆ ಆಮೇಲಿನದು. ಎಫ್ ಅಥವಾ ವೈ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಅದರ ಯಂತ್ರಗಳು ಇನ್ನೂ ಹೊಲಿಯುತ್ತಿವೆ. ಸ್ಟ್ಯಾನ್ಲಿ ಕಂಪನಿಯ ಹತ್ತರಿಯಾದರೆ ಬ್ಲೇಡ್ ಬಿಚ್ಚಿ, ಅದು ಕೂರುವ ತುಂಡಿನ ಹಿಂದೆ ನೋಡಿ. ಕೆಲವು ಕಾಲದ ಹತ್ತರಿಗಳಲ್ಲಿ ಅಲ್ಲಿ ಪೇಟೆಂಟ್ ದಿನಾಂಕ ಎರಕವಾಗಿರುತ್ತದೆ. ಅದನ್ನು ತಯಾರಾದ ದಿನ ಎಂದು ಓದಬೇಡಿ. ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರ ಅರ್ಥ. ಡಿಸ್ಟನ್ ಕಂಪನಿಯ ಗರಗಸದ ಹಿಡಿಯಲ್ಲಿರುವ ಹಿತ್ತಾಳೆ ಬಿಲ್ಲೆಯ ವಿನ್ಯಾಸ ಕಾಲಕಾಲಕ್ಕೆ ಬದಲಾಗಿದೆ, ಅದೂ ಒಳ್ಳೆಯ ಸುಳಿವು. ಉಜ್ಜಿದರೆ ಮೊದಲು ಅಳಿಸುವುದು ಇಂಥ ಗುರುತುಗಳೇ.

ಹೊಲಿಗೆ ಯಂತ್ರದ ಚಕ್ರ ತಿರುಗದಿದ್ದರೆ "ತುಕ್ಕು ಹಿಡಿದಿದೆ" ಅನ್ನುತ್ತಾರೆ. ಬಹಳ ಸಲ ಅದು ತುಕ್ಕಲ್ಲ, ಒಣಗಿ ಅಂಟಾದ ಹಳೇ ಎಣ್ಣೆ. ಎಣ್ಣೆ ತೂತುಗಳ ಸುತ್ತ ಕಂದು ಬಣ್ಣದ ಜಿಡ್ಡು ಕಂಡರೆ ಸಮಾಧಾನಪಟ್ಟುಕೊಳ್ಳಿ, ಯಂತ್ರ ಬದುಕಿದೆ. ಮೊದಲು ಸೂಜಿ ಬಿಚ್ಚಿ. ಸೂಜಿಯ ಕೆಳಗಿನ ತಟ್ಟೆ ತೆಗೆದು, ಒಳಗೆ ಸಿಕ್ಕಿಕೊಂಡ ದಾರದ ಚೂರು ಕಿತ್ತುಹಾಕಿ. ಅಷ್ಟಕ್ಕೇ ತಿರುಗಿದ ಯಂತ್ರಗಳನ್ನು ನಾನು ನೋಡಿದ್ದೇನೆ. ಇಲ್ಲದಿದ್ದರೆ ಹೇರ್ ಡ್ರೈಯರ್‌ನಿಂದ ಲೋಹವನ್ನು ಬೆಚ್ಚಗೆ ಮಾಡಿ, ಪ್ರತಿ ತೂತಿಗೂ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಅರ್ಧ ಬೆರಳಿನಷ್ಟು ಸರಿದರೂ ಸಾಕು, ನಾಳೆ ಮತ್ತೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಸೀಮೆಎಣ್ಣೆ ಬಿಡಿ, ಆದರೆ ಮೋಟಾರಿಗೆ ತಾಗಿಸಬೇಡಿ, ಅದು ಹಚ್ಚಿದ ಮೇಲೆ ಬಿಸಿ ಮಾಡಲೇಬೇಡಿ. ಸೀಮೆಎಣ್ಣೆಯು ಒಳಗಿದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ, ಹಾಗಾಗಿ ಕೊನೆಗೆ ಎಣ್ಣೆ ಬಿಡಲೇಬೇಕು. ಅಡುಗೆ ಎಣ್ಣೆ ಬೇಡ, ಅದೇ ಮುಂದೆ ಅಂಟಾಗುತ್ತದೆ. ಮೇಲಿನ ಚಿನ್ನದ ಬಣ್ಣದ ಚಿತ್ತಾರಕ್ಕೆ ಸ್ಪಿರಿಟ್ ತಾಗಿಸಬೇಡಿ. ಹಳೇ ಸಿಂಗರ್‌ಗಳ ಮೇಲೆ ಅರಗಿನ ಶೆಲ್ಯಾಕ್ ಲೇಪವಿದೆ, ಸ್ಪಿರಿಟ್‌ಗೆ ಅದು ಕರಗಿಹೋಗುತ್ತದೆ. ಹತ್ತಿಯನ್ನು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿ ಒರೆಸಿ, ಸಾಕು.

ನಿಜವಾದ ತುಕ್ಕಿಗೆ ಎರಡು ದಾರಿ. ಸ್ಕ್ರೂ, ಉಳಿಯಂಥ ಚಿಕ್ಕ ಉಕ್ಕಿನ ಸಾಮಾನನ್ನು ಬಿಳಿ ವಿನಿಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ನಡುವೆ ತೆಗೆದು ನೋಡುತ್ತಿರಿ. ಮರೆತರೆ ಅದು ಉಕ್ಕನ್ನೂ ತಿನ್ನುತ್ತದೆ. ತೆಗೆದ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆಯಿರಿ.

ದೊಡ್ಡದಕ್ಕೆ ಎಲೆಕ್ಟ್ರಾಲಿಸಿಸ್, ಅಂದರೆ ಸೋಡಾ ನೀರಿನಲ್ಲಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಸುಮಾರು 4 ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ತಂತಿ ನಿಮ್ಮ ಉಪಕರಣಕ್ಕೆ, ಪಾಸಿಟಿವ್ ತಂತಿ ಒಂದು ಹಾಳು ಕಬ್ಬಿಣದ ತುಂಡಿಗೆ. ಇದು ತಿರುವುಮುರುವಾದರೆ ಕರಗುವುದು ನಿಮ್ಮ ಉಪಕರಣವೇ. ಎರಡೂ ಒಂದಕ್ಕೊಂದು ತಾಗಬಾರದು. ಹಾಳು ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಆದ್ದರಿಂದ ಬಯಲಿನಲ್ಲಿ ಮಾಡಿ, ಬೆಂಕಿ ಹತ್ತಿರ ಬೇಡ, ಸ್ವಿಚ್ ಆರಿಸದೆ ಕ್ಲಿಪ್ ಮುಟ್ಟಬೇಡಿ. ಅಲ್ಯೂಮಿನಿಯಂ, ಸ್ಪ್ರಿಂಗ್, ಮರದ ಹಿಡಿ ಎಲ್ಲ ಮೊದಲೇ ಬಿಚ್ಚಿಡಿ. ಇದು ಬಣ್ಣವನ್ನೂ ಎಬ್ಬಿಸುತ್ತದೆ, ಚಿತ್ತಾರವಿರುವ ಯಂತ್ರಕ್ಕೆ ಬೇಡವೇ ಬೇಡ. ಹೊರತೆಗೆದ ಕಬ್ಬಿಣ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ತೊಳೆದು, ಬಿಸಿಗಾಳಿ ಕೊಟ್ಟು ಒಣಗಿಸಿ, ಕೂಡಲೇ ಎಣ್ಣೆ ಹಚ್ಚಿ.

ಕಳೆದ ಬೋಲ್ಟಿಗೆ ಬದಲು ಇನ್ನೊಂದನ್ನು ಸುಮ್ನೆ ಬಿಗಿಯಬೇಡಿ. ಹಳೇ ಬ್ರಿಟಿಷ್ ಯಂತ್ರಗಳಲ್ಲಿ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಮರೆ, ಅಂದರೆ ಬೋಲ್ಟಿನ ಮೇಲಿನ ಸುರುಳಿ ಗೆರೆ, ಇರುತ್ತದೆ. ಅದರ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ ಮರೆಯದು 60. ಎರಡು ಸುತ್ತು ಹೋಗಿ ಬಿಗಿಯಾಯಿತೆಂದರೆ ನಿಲ್ಲಿಸಿ.

ಕರೆಂಟಿನ ಯಂತ್ರವಾದರೆ ಹಳೇ ವೈರನ್ನು ನಂಬಬೇಡಿ. ರಬ್ಬರ್ ಹೊದಿಕೆ ಬಗ್ಗಿಸಿದರೆ ಪುಡಿಯಾಗುತ್ತದೆ. ತಿಳಿದವರಿಂದ ಹೊಸದು ಹಾಕಿಸಿ, ಪ್ರತಿ ಭಾಗವೂ ಕೈಯಲ್ಲಿ ಪೂರ್ತಿ ಸುತ್ತು ತಿರುಗಿದ ಮೇಲಷ್ಟೇ ಸ್ವಿಚ್ ಹಾಕಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಕೆರೆಯಬೇಡಿ. ಗ್ರೈಂಡರ್ ಸಿಕ್ಕಿದ್ದರೆ ಮೋಟಾರ್ ಇಟ್ಟುಕೊಳ್ಳಿ, ಅದರ ಸಾಣೆಕಲ್ಲು ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಿ. ಬಿರುಕು ಬಿಟ್ಟ ಕಲ್ಲು ವೇಗದಲ್ಲಿ ಸಿಡಿದರೆ ಎದುರಿಗಿದ್ದವರ ಗತಿ ಮುಗಿಯಿತು.