ಎಡ–ಬಲ ಪಕ್ಷಗಳು ನಿಜಕ್ಕೂ ಹತ್ತಿರವಾಗಿವೆಯೇ? ನೋಡಿ ತಿಳಿಯುವ ಬಗೆ

‘ಎಲ್ಲ ಪಕ್ಷಗಳೂ ಒಂದೇ ಬಿಡಿ’ ಎಂದು ಯಾರಾದರೂ ಅಂದಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ವಿಷಯದಲ್ಲಿ ಒಂದೇ? ಯಾವಾಗಿನಿಂದ? ಯಾರು ಯಾರ ಕಡೆಗೆ ಸರಿದರು? ಮತದಾರರಾಗಿ ನಮಗೆ ಈ ಉತ್ತರಗಳು ಬೇಕೇ ಬೇಕು. ಇದಕ್ಕಾಗಿಯೇ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಅದನ್ನು ತುಂಬುವ ಕ್ರಮ ಹೀಗೆ.

ಮೊದಲು ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. ‘ಆರ್ಥಿಕ ನೀತಿ’ ಎಂದು ಬರೆದರೆ ಏನೂ ಸಿಗದು. ‘ರೈಲು ಯಾರ ಒಡೆತನದಲ್ಲಿರಬೇಕು’, ‘ಕನಿಷ್ಠ ವೇತನಕ್ಕೆ ಕಾನೂನು ಬೇಕೇ’ ಎಂದು ಬರೆಯಿರಿ. ಒಂದು ವಿಷಯಕ್ಕೆ ಒಂದು ಪುಟ.

ಪ್ರಣಾಳಿಕೆಗಳನ್ನು ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅಧಿಕಾರ ಕೈ ಬದಲಾದ ಮೇಲೆ ಹೊಸಬರು ಯಾವುದನ್ನು ಮುಟ್ಟದೆ ಬಿಟ್ಟರು ಎಂಬುದೇ ನನ್ನ ಪಾಲಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ. ಬ್ರಿಟನ್ನನ್ನೇ ನೋಡಿ. 1945ರ ನಂತರ ಎಡಪಂಥೀಯ ಲೇಬರ್ ಪಕ್ಷದ ಸರ್ಕಾರ ಕಲ್ಲಿದ್ದಲು, ರೈಲು, ಉಕ್ಕನ್ನು ರಾಷ್ಟ್ರೀಕರಿಸಿತು. 1948ರಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ತಂದಿತು. 1951ರಲ್ಲಿ ಗೆದ್ದ ಬಲಪಂಥೀಯ ಕನ್ಸರ್ವೇಟಿವ್ ಪಕ್ಷ 1953ರಲ್ಲಿ ಉಕ್ಕನ್ನು ಮತ್ತೆ ಖಾಸಗಿಯವರಿಗೆ ಕೊಡಲು ಕಾನೂನು ಮಾಡಿತು. ಕಲ್ಲಿದ್ದಲು, ರೈಲು, ವೈದ್ಯಸೇವೆ ಮಾತ್ರ ಸರ್ಕಾರದ ಕೈಯಲ್ಲೇ ಉಳಿದವು. ಸಭೆಗಳಲ್ಲಿ ಹಾವು–ಮುಂಗುಸಿಯಂತೆ ಕಾದಾಡಿದವರ ನಡುವಿನ ನಿಜವಾದ ಅಂತರ ಎಷ್ಟೆಂಬುದು ಇಲ್ಲಿ ಕಾಣುತ್ತದೆ. 1954ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಆಗಿನ ಕನ್ಸರ್ವೇಟಿವ್ ಹಣಕಾಸು ಮಂತ್ರಿ ಬಟ್ಲರ್ ಮತ್ತು ಅವರಿಗಿಂತ ಹಿಂದಿನ ಲೇಬರ್ ಹಣಕಾಸು ಮಂತ್ರಿ ಗೇಟ್‌ಸ್ಕೆಲ್ ಹೆಸರುಗಳನ್ನು ಬೆಸೆದು ‘ಬಟ್‌ಸ್ಕೆಲ್’ ಎಂಬ ಒಬ್ಬನೇ ಮನುಷ್ಯನನ್ನು ಸೃಷ್ಟಿಸಿತು.

ಆಮೇಲೆ ಬಾಣದ ಗುರುತು ಹಾಕಿ: ಸರಿದವರು ಯಾರು? ಪಕ್ಷದ ಸಂವಿಧಾನ, ಮೂಲ ಕಾರ್ಯಕ್ರಮದಂಥ ದಾಖಲೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜರ್ಮನಿಯ ಎಡಪಂಥೀಯ ಸೋಷಿಯಲ್ ಡೆಮಾಕ್ರಟರು 1959ರಲ್ಲಿ ಬಾಡ್ ಗೋಡೆಸ್‌ಬರ್ಗ್ ಊರಿನ ಪಕ್ಷದ ಸಮಾವೇಶದಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ಒಪ್ಪಿಕೊಂಡರು. ಸಾಮೂಹಿಕ ಒಡೆತನದ ಗುರಿಯನ್ನು ಹೇಳುತ್ತಿದ್ದ ತನ್ನ ನಾಲ್ಕನೇ ಕಲಮನ್ನು ಲೇಬರ್ ಪಕ್ಷ 1995ರಲ್ಲಿ ತಿದ್ದಿ ಬರೆಯಿತು. ಬಾಣ ಯಾವಾಗಲೂ ಬಲಕ್ಕೇ ಹೋಗುತ್ತದೆಂದು ಮಾತ್ರ ತಿಳಿಯಬೇಡಿ. ಲೇಬರ್ ಪಕ್ಷದ ಬ್ಲೇರ್ ಸರ್ಕಾರ 1998ರಲ್ಲಿ ಕನಿಷ್ಠ ವೇತನದ ಕಾನೂನು ತಂದಾಗ ವಿರೋಧಿಸಿದ್ದ ಕನ್ಸರ್ವೇಟಿವ್ ಪಕ್ಷ ಮುಂದೆ ಅದನ್ನು ಉಳಿಸಿಕೊಂಡಿತು. 2015ರಲ್ಲಿ ಅದರದೇ ಹಣಕಾಸು ಮಂತ್ರಿ ಹೆಚ್ಚಿನ ಕನಿಷ್ಠ ದರವನ್ನು ಘೋಷಿಸಿದರು.

ಸರಿದದ್ದು ಒತ್ತಡಕ್ಕೋ ನಂಬಿಕೆ ಬದಲಾಗಿಯೋ? ಫ್ರಾನ್ಸಿನ ಸಮಾಜವಾದಿ ನಾಯಕ ಮಿತ್ತರಾಂ 1981ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದು ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಿಸಿದರು. ಅಲ್ಲಿನ ನಾಣ್ಯ ಫ್ರಾಂಕ್‌ನ ಬೆಲೆ ಮತ್ತೆ ಮತ್ತೆ ಕುಸಿದಾಗ 1983ರಲ್ಲಿ ವೆಚ್ಚಕ್ಕೆ ಕಡಿವಾಣ ಹಾಕಬೇಕಾಯಿತು. ಇಷ್ಟನ್ನೇ ನೋಡಿದರೆ ಅದು ಒತ್ತಡ. ಆದರೆ 1986ರಲ್ಲಿ ಬಂದ ಬಲಪಂಥೀಯ ಸರ್ಕಾರ ಹಲವು ಸಂಸ್ಥೆಗಳನ್ನು ಮಾರಿದ ಬಳಿಕವೂ ಮಿತ್ತರಾಂ 1988ರ ಚುನಾವಣೆಯಲ್ಲಿ ‘ಹೊಸ ರಾಷ್ಟ್ರೀಕರಣವೂ ಇಲ್ಲ, ಹೊಸ ಖಾಸಗೀಕರಣವೂ ಇಲ್ಲ’ ಎಂಬ ನಿಲುವು ತಳೆದರು. ನಾನು ನಂಬಿಕೆಯ ಬದಲಾವಣೆ ಎಂದು ಗುರುತು ಹಾಕುವುದು ಇಂಥ ಕಡೆ: ಹಿಂದಿರುಗುವ ಅವಕಾಶ ಬಂದಾಗಲೂ ಹಿಂದಿರುಗದಿದ್ದಾಗ.

ಒಂದು ಎಚ್ಚರಿಕೆ. ಒಂದೇ ಕಡೆ ಮತ ಹಾಕಿದ ಮಾತ್ರಕ್ಕೆ ವಿಚಾರ ಒಂದಾಗುವುದಿಲ್ಲ. 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರಕ್ಕೆ ಬಿಜೆಪಿಯೂ ಎಡಪಕ್ಷಗಳೂ ಹೊರಗಿನಿಂದ ಬೆಂಬಲ ಕೊಟ್ಟವು. 2008ರ ಜುಲೈನಲ್ಲಿ, ಅಮೆರಿಕದ ಜೊತೆಗಿನ ಅಣು ಒಪ್ಪಂದದ ವಿಷಯಕ್ಕೆ ಎಡಪಕ್ಷಗಳು ಬೆಂಬಲ ಹಿಂತೆಗೆದ ಮೇಲೆ ನಡೆದ ವಿಶ್ವಾಸಮತದಲ್ಲಿ, ಎರಡೂ ಬಣಗಳು ಮನಮೋಹನ್ ಸಿಂಗ್ ಸರ್ಕಾರದ ವಿರುದ್ಧ ಮತ ಹಾಕಿದವು. ಅವರ ಕಾರಣಗಳು ಬೇರೆ ಬೇರೆಯಾಗಿದ್ದವು. ಆದ್ದರಿಂದ ಮತದ ಪಕ್ಕದಲ್ಲೇ ಸದನದಲ್ಲಿ ಕೊಟ್ಟ ಕಾರಣವನ್ನೂ ಬರೆದುಕೊಳ್ಳಿ.

ಎಡದಿಂದ ಬಲಕ್ಕೆ ಎಳೆದ ಒಂದೇ ಗೆರೆಯ ಮೇಲೆ ಪಕ್ಷಗಳು ನಡುವಿನ ಮತದಾರನ ಕಡೆಗೆ ಸರಿಯುತ್ತವೆಂದು ಅರ್ಥಶಾಸ್ತ್ರಜ್ಞ ಆಂತೊನಿ ಡೌನ್ಸ್ 1957ರಲ್ಲಿ ವಾದಿಸಿದರು. ಎರಡೇ ದೊಡ್ಡ ಪಕ್ಷಗಳಿರುವಲ್ಲಿ ಇದು ಬಹಳಷ್ಟನ್ನು ವಿವರಿಸುತ್ತದೆ. ಆದರೂ ನಾನು ಎರಡು ಗೆರೆ ಎಳೆಯುತ್ತೇನೆ: ಹಣದ್ದೊಂದು; ವಲಸೆ, ಧರ್ಮ, ಸಂಸ್ಕೃತಿಯದ್ದು ಇನ್ನೊಂದು. ಡೆನ್ಮಾರ್ಕಿನ ಸೋಷಿಯಲ್ ಡೆಮಾಕ್ರಟರು 2019ರಲ್ಲಿ ಅಧಿಕಾರಕ್ಕೆ ಬರುವಾಗ ಕಲ್ಯಾಣ ಯೋಜನೆಗಳ ಪರವಾಗಿಯೇ ಇದ್ದರು, ವಲಸೆಯ ವಿಷಯದಲ್ಲಿ ಮಾತ್ರ ಬಲಪಂಥದ ಬಿಗಿ ನಿಲುವಿಗೆ ಹತ್ತಿರವಾಗಿದ್ದರು. ಒಂದೇ ಗೆರೆಯಲ್ಲಿ ಇವರನ್ನು ಎಲ್ಲಿ ಕೂರಿಸುತ್ತೀರಿ?

ಕೊನೆಯದಾಗಿ, ಪ್ರತಿ ಪುಟಕ್ಕೂ ವರ್ಷ ಹಾಕಿ. ಬಟ್‌ಸ್ಕೆಲ್ ಕಾಲದ ಹೊಂದಾಣಿಕೆಯ ದೊಡ್ಡ ಭಾಗವನ್ನು 1979ರ ನಂತರ ಕನ್ಸರ್ವೇಟಿವ್ ಪ್ರಧಾನಿ ಥ್ಯಾಚರ್ ಕಳಚಿಹಾಕಿದರು. ಸರ್ಕಾರ ಬದಲಾದಾಗ ಮೊದಲ ಬಜೆಟ್ ಬರುವವರೆಗೆ ಕಾಯಿರಿ, ಆಮೇಲೆ ಅದೇ ವಿಷಯಕ್ಕೆ ಹೊಸ ಪುಟ ತೆರೆಯಿರಿ.