ಮಸಾಯಿ ಮಾರಾಕ್ಕೆ ಹೊರಟಿದ್ದೀರಾ? ದುಡ್ಡು, ಕಾರ್ಡು, ಬ್ಯಾಗು ಹೀಗಿರಲಿ

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಒಂದು ರೂಢಿ ಇರುತ್ತದೆ. ಬೆಳಿಗ್ಗೆ ಜೀಪ್ ಹತ್ತುವುದು, ಎರಡು ಮೂರು ಗಂಟೆ ಸುತ್ತುವುದು, ತಿಂಡಿ ಹೊತ್ತಿಗೆ ವಾಪಸ್. ಏನಾದರೂ ಮರೆತಿದ್ದರೆ ಹತ್ತಿರದ ಊರಿನ ಅಂಗಡಿಯಲ್ಲಿ ಸಿಗುತ್ತದೆ. ಕೀನ್ಯಾದ ಮಸಾಯಿ ಮಾರಾದಲ್ಲಿ ಹಾಗಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಬುತ್ತಿ ಸಮೇತ ಇಡೀ ದಿನ ಹುಲ್ಲುಗಾವಲಲ್ಲೇ ಇರುತ್ತೀರಿ. ಅಲ್ಲಿ ಎಟಿಎಂ ಇಲ್ಲ, ಮೆಡಿಕಲ್ ಶಾಪ್ ಇಲ್ಲ. ಅದಕ್ಕೇ ಹೊರಡುವವರಿಗೆಲ್ಲ ನಾನು ಹೇಳುವುದು ಇಷ್ಟೇ: ನೈರೋಬಿಯಲ್ಲಿ ಕಳೆಯುವ ದಿನಗಳನ್ನು ಬಿಡಿ, ಕಾಡಿನೊಳಗೆ ಎಷ್ಟು ದಿನ ಇರುತ್ತೀರಿ ಎಂದು ಎಣಿಸಿ. ದುಡ್ಡನ್ನೂ ಬ್ಯಾಗನ್ನೂ ಆ ದಿನಗಳಿಗೆ ಹೊಂದಿಸಿ.

ಮೊದಲು ಪ್ಯಾಕೇಜ್ ವಿವರ ಪೂರ್ತಿ ಓದಿ

ಪೆನ್ನು ಹಿಡಿದು ಕುಳಿತುಕೊಳ್ಳಿ. ವಿಮಾನ, ವಸತಿ, ಊಟ, ಗಾಡಿ, ಪಾರ್ಕ್ ಪ್ರವೇಶ ಶುಲ್ಕ, ಕುಡಿಯುವ ನೀರು, ಟಿಪ್ಸ್. ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಗುರುತು ಹಾಕಿ.

ಪ್ರವೇಶ ಶುಲ್ಕದ ಹತ್ತಿರ ಎರಡು ಸಲ ಕಣ್ಣಾಡಿಸಿ. 2024ರಿಂದ ಮಸಾಯಿ ಮಾರಾದಲ್ಲಿ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ನದಿ ದಾಟುವುದನ್ನು ನೋಡಲು ನಮ್ಮವರು ಜಾಸ್ತಿ ಹೋಗುವುದು ಜುಲೈ–ಅಕ್ಟೋಬರ್‌ನಲ್ಲೇ ಅಲ್ವಾ? ಮೂರು ದಿನದ ಟಿಕೆಟ್ ಅಂದರೆ ಒಬ್ಬರಿಗೆ 600 ಡಾಲರ್. ಇದು ಪ್ಯಾಕೇಜಿನಲ್ಲಿ ಸೇರಿಲ್ಲದಿದ್ದರೆ ನಿಮ್ಮ ಬಜೆಟ್ಟೇ ತಲೆಕೆಳಗಾಗುತ್ತದೆ. ಎಷ್ಟು ದಿನದ ಟಿಕೆಟ್ ಸೇರಿದೆ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಡಾಲರ್ ನೋಟನ್ನು ಎಣಿಸಿದರೆ ಸಾಲದು, ನೋಡಿ

ಕೀನ್ಯಾದ ಹಣ ಶಿಲಿಂಗ್. 2025ರಲ್ಲಿ ಒಂದು ಡಾಲರಿಗೆ ಸುಮಾರು 129 ಶಿಲಿಂಗ್ ಇತ್ತು. ನಮ್ಮೂರಲ್ಲಿ ಶಿಲಿಂಗ್ ಸಿಗುವುದು ಕಷ್ಟ. ಆದ್ದರಿಂದ ಇಲ್ಲಿಂದ ಡಾಲರ್ ಒಯ್ದು ಅಲ್ಲಿ ಬದಲಾಯಿಸಿಕೊಳ್ಳುವುದೇ ದಾರಿ.

ನಮ್ಮ ಮೊದಲ ಪ್ರವಾಸದಲ್ಲಿ ನಾನು ಪೆಟ್ಟು ತಿಂದದ್ದು ಇಲ್ಲೇ. ನೈರೋಬಿಯ ಒಂದು ಕೌಂಟರಿನಲ್ಲಿ 100 ಡಾಲರಿನ ನಾಲ್ಕು ನೋಟು ಕೊಟ್ಟೆ. ಅಲ್ಲಿದ್ದ ಹೆಣ್ಣುಮಗಳು ಒಂದೊಂದನ್ನೂ ಬೆಳಕಿಗೆ ಹಿಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಎರಡು ನೋಟು ಒಳಗೆ ಹೋದವು, ಎರಡು ವಾಪಸ್ ಬಂದವು. ಒಂದರ ಮೂಲೆಯಲ್ಲಿ ಸಾಸಿವೆಯಷ್ಟು ನೀಲಿ ಶಾಯಿ. ಇನ್ನೊಂದು ಹಳೆಯ ಸರಣಿಯದು. ಆ 200 ಡಾಲರ್ ಪ್ರವಾಸ ಪೂರ್ತಿ ನನ್ನ ಪರ್ಸಿನಲ್ಲೇ ಕುಳಿತು ಮನೆಗೆ ಬಂತು.

ಆದ್ದರಿಂದ ಇಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದು ನೋಟನ್ನೂ ತಿರುಗಿಸಿ ನೋಡಿ. ಹರಿದಿರಬಾರದು, ಸೀಲು ಬಿದ್ದಿರಬಾರದು, ಪೆನ್ನಿನ ಗೆರೆ ಇರಬಾರದು. ನೂರರ ನೋಟಾದರೆ ನಡುವೆ ನೀಲಿ ಪಟ್ಟಿ ಇರುವುದನ್ನೇ ಕೇಳಿ ಪಡೆಯಿರಿ. ಅದು 2013ರಲ್ಲಿ ಬಂದ ವಿನ್ಯಾಸ. ಬದಲಾಯಿಸಲು 50, 100ರ ನೋಟು ಒಳ್ಳೆಯದು. ಚಿಲ್ಲರೆ ಡಾಲರಿಗೆ ಸಾಮಾನ್ಯವಾಗಿ ದರ ಕಡಿಮೆ ಕೊಡುತ್ತಾರೆ. ನೋಟನ್ನು ಮಡಿಚಬೇಡಿ, ಪುಸ್ತಕದ ನಡುವೆ ಇಟ್ಟು ಒಯ್ಯಿರಿ. ಒಂದು ಪ್ರವಾಸಕ್ಕೆ ಕೈಯಲ್ಲಿ ಒಯ್ಯಬಹುದಾದ ವಿದೇಶಿ ನಗದಿಗೆ ರಿಸರ್ವ್ ಬ್ಯಾಂಕ್ ಇಟ್ಟ ಮಿತಿ 3,000 ಡಾಲರ್. ಅಷ್ಟೇನೂ ಬೇಕಾಗುವುದಿಲ್ಲ ಬಿಡಿ.

ಶಿಲಿಂಗನ್ನು ನೈರೋಬಿಯಲ್ಲೇ ಮಾಡಿಸಿಕೊಳ್ಳಿ. ರಸ್ತೆಯಲ್ಲಿ ಹೋಗುವವರಿಗೆ ಮಾರಾಕ್ಕೆ ಮುಂಚೆ ಸಿಗುವ ಕೊನೆಯ ದೊಡ್ಡ ಊರು ನಾರೋಕ್. ಅಲ್ಲಿ ಬ್ಯಾಂಕು, ಎಟಿಎಂ ಎಲ್ಲ ಇವೆ. ಅದನ್ನು ದಾಟಿದರೆ ಜೇಬಿನಲ್ಲಿ ಇದ್ದದ್ದೇ ಗತಿ. 100, 200ರ ಶಿಲಿಂಗ್ ನೋಟು ಜಾಸ್ತಿ ಇರಲಿ. ಮಾರಾದ ಸೆಕೆನಾನಿ ಗೇಟಿನಲ್ಲಿ ಅಲ್ಲಿನ ಮಸಾಯಿ ಬುಡಕಟ್ಟಿನ ಹೆಂಗಸರು ಗಾಡಿಯ ಕಿಟಕಿಗೇ ಮಣಿ ಬಳೆ ತಂದು ಹಿಡಿಯುತ್ತಾರೆ. ಅವರಿಗೆ ನೂರು ಡಾಲರ್ ತೋರಿಸಿ ಚಿಲ್ಲರೆ ಕೇಳುವುದು ನ್ಯಾಯವಲ್ಲ.

ಟಿಪ್ಸ್‌ಗೆ ಬೇರೆ ಲಕೋಟೆ

ಹಲವರು ಇದನ್ನು ಕೊನೆಯ ದಿನ ನೆನೆಸಿಕೊಂಡು ತಡಕಾಡುತ್ತಾರೆ. ಅಲ್ಲಿ ಡ್ರೈವರೇ ಗೈಡ್. ಹುಲ್ಲಿನ ನಡುವೆ ಮಲಗಿದ ಚಿರತೆಯ ಕಿವಿ ನಮಗೆ ಕಾಣುವ ಮೊದಲು ಅವರಿಗೆ ಕಂಡಿರುತ್ತದೆ. ಅವರ ದುಡಿಮೆಯಲ್ಲಿ ಟಿಪ್ಸ್‌ಗೆ ದೊಡ್ಡ ಪಾಲಿದೆ. ನಾವು ಆರು ಜನರ ಗಾಡಿಗೆ ದಿನಕ್ಕೆ 20 ಡಾಲರಿನಷ್ಟು ಲೆಕ್ಕ ಹಾಕಿ, ಶಿಲಿಂಗಿನಲ್ಲೇ ಕೊಟ್ಟೆವು. ಡಾಲರ್ ಕೊಟ್ಟರೆ ಅದನ್ನು ಬದಲಾಯಿಸಲು ಅವರು ಮತ್ತೆ ಪೇಟೆಗೆ ಅಲೆಯಬೇಕು. ಕ್ಯಾಂಪಿನ ಅಡುಗೆಯವರು, ಕೋಣೆ ಸ್ವಚ್ಛ ಮಾಡುವವರಿಗೆ ರಿಸೆಪ್ಷನ್‌ನಲ್ಲಿ ಪೆಟ್ಟಿಗೆ ಇರುತ್ತದೆ. ಅದಕ್ಕೆ ಇನ್ನೊಂದು ಲಕೋಟೆ. ಎರಡನ್ನೂ ನೈರೋಬಿಯಲ್ಲೇ ತುಂಬಿ ಅಂಟಿಸಿಬಿಡಿ.

ಕಾರ್ಡು ಎರಡು, ಬ್ಯಾಗೂ ಎರಡು

ನಮ್ಮ ಯುಪಿಐ ಅಭ್ಯಾಸವನ್ನು ಮನೆಯಲ್ಲೇ ಬಿಡಿ. ಅಲ್ಲಿ ತರಕಾರಿ ಅಂಗಡಿಯಿಂದ ಹಿಡಿದು ಎಲ್ಲ ಕಡೆ ನಡೆಯುವುದು 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣ. ಸ್ವಾಹಿಲಿಯಲ್ಲಿ ಪೆಸಾ ಅಂದರೆ ದುಡ್ಡು. ನಮ್ಮ ಪೈಸೆಯ ನಂಟೇ ಅದು ಎನ್ನುತ್ತಾರೆ. ನಾಲ್ಕೈದು ದಿನದ ಪ್ರವಾಸಿಗೆ ಅದರ ಗೊಡವೆ ಬೇಡ, ನಗದು ಸಾಕು.

ಲಾಡ್ಜ್ ಬಿಲ್ಲಿಗೆ, ತುರ್ತಿಗೆ ಕಾರ್ಡ್ ಬೇಕು. ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಒಂದು ನಿಮ್ಮ ಹತ್ತಿರ, ಇನ್ನೊಂದು ಜೊತೆಯವರ ಬ್ಯಾಗಿನಲ್ಲಿ. ಹೊರಡುವ ವಾರ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ. ಎಟಿಎಂ ಮಿತಿಯನ್ನೂ ನೀವೇ ನಿಗದಿ ಮಾಡಿ. ಮಷಿನ್ ‘ರೂಪಾಯಿಯಲ್ಲಿ ಕಟ್ಟುತ್ತೀರಾ, ಶಿಲಿಂಗಿನಲ್ಲಾ’ ಎಂದು ಕೇಳಿದರೆ ಶಿಲಿಂಗ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ಸುಮ್ನೆ ನಷ್ಟ.

ಬ್ಯಾಗ್: 15 ಕೆಜಿ, ಮೆತ್ತಗಿರಲಿ

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಒಬ್ಬರಿಗೆ ಸಾಮಾನ್ಯವಾಗಿ 15 ಕೆಜಿ ಮಿತಿ. ಕೈಚೀಲವೂ ಅದರಲ್ಲೇ ಸೇರುತ್ತದೆ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಕೂರುವುದಿಲ್ಲ. ಬಟ್ಟೆಯ ಡಫಲ್ ಬ್ಯಾಗೇ ಸರಿ. ರಸ್ತೆಯಲ್ಲಿ ಹೋದರೂ ಗಾಡಿಯ ಹಿಂದೆ ಜಾಗ ಕಮ್ಮಿ.

ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಒಂದೂ ಬೇಡ. ಕೀನ್ಯಾ 2017ರ ಆಗಸ್ಟ್‌ನಲ್ಲೇ ನಿಷೇಧಿಸಿದೆ. ಚಪ್ಪಲಿ ಸುತ್ತಿದ ಕವರ್, ಚಟ್ನಿಪುಡಿ ಕಟ್ಟಿದ ಕವರ್ ಎಲ್ಲ ತೆಗೆದು ಬಟ್ಟೆ ಚೀಲ, ಸ್ಟೀಲ್ ಡಬ್ಬಿಗೆ ಹಾಕಿ. ನೀರಿಗೆ ಸ್ಟೀಲ್ ಬಾಟಲಿ ಇರಲಿ.

ಬಟ್ಟೆ ಖಾಕಿ, ಕಂದು, ಮಾಸಲು ಹಸಿರು. ಕಡು ನೀಲಿ, ಕಪ್ಪು ಬಣ್ಣಕ್ಕೆ ಸೆಟ್ಸಿ ಎಂಬ ಕಚ್ಚುವ ನೊಣ ಬರುತ್ತದೆ. ಸೈನಿಕರ ಉಡುಪಿನ ಚಿತ್ತಾರವಂತೂ ಬೇಡ. ಆಫ್ರಿಕಾದ ಹಲವು ದೇಶಗಳಲ್ಲಿ ಅದನ್ನು ಸಾಮಾನ್ಯ ಜನ ತೊಡುವಂತಿಲ್ಲ. ಆಫ್ರಿಕಾ ಅಂದರೆ ಬರೀ ಬಿಸಿಲು ಅಂದುಕೊಂಡು ಸ್ವೆಟರ್ ಬಿಟ್ಟು ಹೋಗುವವರೇ ಜಾಸ್ತಿ. ಮಾರಾ ಸುಮಾರು 1,500 ಮೀಟರಿಗಿಂತ ಎತ್ತರದಲ್ಲಿದೆ. ಛಾವಣಿ ತೆರೆದ ಗಾಡಿಯಲ್ಲಿ ಆಗಸ್ಟಿನ ಬೆಳಗಿನ ಗಾಳಿಗೆ ಹಲ್ಲು ಕಟಕಟ ಎನ್ನುತ್ತದೆ. ಸ್ವೆಟರ್, ಮಂಕಿಕ್ಯಾಪ್ ಕೈಗೆ ಸಿಗುವಂತಿರಲಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ

ಕೀನ್ಯಾಕ್ಕೆ ಇಟಿಎ ಎಂಬ ಆನ್‌ಲೈನ್ ಅನುಮತಿಯನ್ನು ಹೊರಡುವ ಮೊದಲೇ ಪಡೆಯಬೇಕು. ಅದು ಯಾರಿಗೂ ಮರೆಯುವುದಿಲ್ಲ. ಮರೆಯುವುದು ಹಳದಿ ಜ್ವರದ ಲಸಿಕೆ. ಯಾಕೆಂದರೆ ಅದನ್ನು ಕೇಳುವುದು ವಾಪಸ್ ಬರುವಾಗ ನಮ್ಮ ದೇಶದಲ್ಲೇ. ಕೀನ್ಯಾದಿಂದ ಬಂದವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ 10 ದಿನದ ನಂತರವೇ ಅದು ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಆಯಸ್ಸು ಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆ ಬೇಕೇ ಎಂದು ಅದೇ ಹೊತ್ತಿಗೆ ಡಾಕ್ಟರನ್ನು ಕೇಳಿ. ದಿನನಿತ್ಯದ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ಇಡಿ.

ಕ್ಯಾಮೆರಾಕ್ಕೆ ಒಂದು ಚೀಲ

ಕೀನ್ಯಾದ ಪ್ಲಗ್ಗಿಗೆ ಬ್ರಿಟನ್ ಮಾದರಿಯ ಮೂರು ಚಪ್ಪಟೆ ಕಡ್ಡಿ. ಅಡಾಪ್ಟರ್ ಒಯ್ಯಿರಿ. ಹಲವು ಕ್ಯಾಂಪುಗಳಲ್ಲಿ ಕರೆಂಟ್ ಕೆಲವು ಗಂಟೆ ಮಾತ್ರ ಇರುತ್ತದೆ, ಪವರ್ ಬ್ಯಾಂಕ್ ಬೇಕೇ ಬೇಕು. ಬೈನಾಕ್ಯುಲರ್ ಒಬ್ಬರಿಗೊಂದು ಇದ್ದರೆ ಜಗಳವಿಲ್ಲ.

ಗಾಡಿಯೊಳಗೆ ಟ್ರೈಪಾಡ್ ನಿಲ್ಲಿಸಲು ಆಗುವುದಿಲ್ಲ. ನನ್ನ ಅಕ್ಕ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ಕತ್ತರಿಸಿ, ಒಂದು ಬದಿ ಹೊಲಿದು, ಇನ್ನೊಂದು ಬದಿಗೆ ಜಿಪ್ ಹಾಕಿಕೊಟ್ಟಳು. ಖಾಲಿ ಚೀಲಕ್ಕೆ ತೂಕವೇ ಇಲ್ಲ. ನಾರೋಕ್‌ನಲ್ಲಿ ಎರಡು ಕೆಜಿ ಅಕ್ಕಿ ಕೊಂಡು ತುಂಬಿದೆ. ಛಾವಣಿಯ ಅಂಚಿನ ಮೇಲೆ ಅದನ್ನಿಟ್ಟು ಲೆನ್ಸ್ ಒರಗಿಸಿದರೆ ಅಲುಗಾಟವೇ ಇರಲಿಲ್ಲ. ಕೊನೆಯ ದಿನ ಆ ಅಕ್ಕಿಯನ್ನು ಕ್ಯಾಂಪಿನ ಅಡುಗೆಮನೆಗೆ ಕೊಟ್ಟು, ಚೀಲವನ್ನು ಮಡಿಚಿ ತಂದೆ.