ಬೆಣ್ಣೆಹಣ್ಣಿನ ಮರ ತುಂಬಾ ಹೂ, ಕಾಯಿ ಮಾತ್ರ ಕಚ್ಚಲ್ಲ ಅನ್ನೋರು ಮೊದಲು ಮಾಡ್ಬೇಕಾದ ಕೆಲಸ

ಸಕಲೇಶಪುರದ ಹತ್ರ ನಮ್ಮ ತೋಟದಲ್ಲಿ ಕಣದ ಪಕ್ಕ ಹ್ಯಾಸ್ ಅನ್ನೋ ತಳಿಯ ಹತ್ತು ಕಸಿ ಗಿಡ ಹಾಕಿದ್ವಿ. ನಾಲ್ಕನೇ ವರ್ಷ ಹೂ ಬಂತು ನೋಡಿ, ಎಲೆನೇ ಕಾಣದಷ್ಟು, ದೊಡ್ಡಪ್ಪ ಅಂತೂ ಆಗ್ಲೇ ರೇಟ್ ವಿಚಾರಿಸೋಕೆ ಶುರು ಮಾಡಿದ್ರು. ಹತ್ತೂ ಮರ ಸೇರಿ ಕೊಯ್ದಿದ್ದು ಒಂದು ಬುಟ್ಟಿ. ಗಿಡ ಕೊಟ್ಟ ನರ್ಸರಿಯವರಿಗೆ ಫೋನ್ ಮಾಡಿದ್ರೆ ಬೋರಾನ್ ಹೊಡೀರಿ ಅಂದ್ರು, ಹೊಡೆದ್ವಿ, ಮುಂದಿನ ವರ್ಷಾನೂ ಅದೇ ಕಥೆ. ಆದ್ರೆ ಕೆಲಸದವರ ಲೈನ್ ಮನೆ ಕಡೆ ತುದೀಲಿ ಇರೋ ಹ್ಯಾಸ್ ಗಿಡ ಒಂದರಲ್ಲಿ ಮಾತ್ರ ಕಾಯಿ ಸುಮಾರಾಗಿ ನಿಂತಿತ್ತು, ಅದರ ಪಕ್ಕದಲ್ಲೇ ಯಾರೋ ತಿಂದು ಬಿಸಾಡಿದ ಬೀಜದಿಂದ ಹುಟ್ಟಿದ ಹಳೇ ನಾಟಿ ಮರ ಇದೆ. ಆಗ ಸ್ವಲ್ಪ ತಲೆ ಓಡ್ತು.

ವಿಷಯ ಏನಪ್ಪಾ ಅಂದ್ರೆ ಬೆಣ್ಣೆಹಣ್ಣಿನ ಹೂವು ಎರಡು ಸಲ ಅರಳುತ್ತೆ. ಮೊದಲನೇ ದಿನ ಹೆಣ್ಣಾಗಿ, ಆಮೇಲೆ ಮುಚ್ಕೊಳುತ್ತೆ, ಮಾರನೇ ದಿನ ಅದೇ ಹೂವು ಗಂಡಾಗಿ ಬಿಚ್ಚುತ್ತೆ. ಇದರಲ್ಲಿ ಎರಡು ಜಾತಿ. ಎ ಟೈಪ್ ಮರದ ಹೂ ಬೆಳಗ್ಗೆ ಹೆಣ್ಣು, ಮಾರನೇ ದಿನ ಮಧ್ಯಾಹ್ನದ ಮೇಲೆ ಗಂಡು. ಬಿ ಟೈಪ್ ಉಲ್ಟಾ, ಮಧ್ಯಾಹ್ನದ ಮೇಲೆ ಹೆಣ್ಣು, ಮಾರನೇ ದಿನ ಬೆಳಗ್ಗೆ ಗಂಡು. ಹ್ಯಾಸ್, ಪಿಂಕರ್ಟನ್, ರೀಡ್ ಇವೆಲ್ಲ ಎ, ಫ್ಯುಯೆರ್ಟೆ, ಬೇಕನ್, ಜುಟಾನೋ, ಎಟ್ಟಿಂಗರ್ ಎಲ್ಲ ಬಿ. ಬರೀ ಹ್ಯಾಸ್ ಹಾಕಿದ್ರೆ ಬೆಳಗ್ಗೆ ಹತ್ತೂ ಮರ ಹೆಣ್ಣು, ಸಂಜೆ ಹತ್ತೂ ಮರ ಗಂಡು, ಮದುವೆ ಆಗೋದು ಹೇಗೆ ಹೇಳಿ. ನಮ್ಮ ರೋಬಸ್ಟಾ ಕಾಫಿಗೆ ತನ್ನ ಪರಾಗ ತನಗೇ ಒಗ್ಗಲ್ಲ ಅನ್ನೋದು ತೋಟದವರಿಗೆಲ್ಲ ಗೊತ್ತು, ಇದು ಹಾಗಲ್ಲ, ಪರಾಗ ಒಗ್ಗುತ್ತೆ, ಟೈಮ್ ಕೂಡಿ ಬರಲ್ಲ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಒಂದು ಸ್ವಲ್ಪ ಹೊತ್ತು ಎರಡೂ ಥರದ ಹೂ ಒಂದೇ ಮರದಲ್ಲಿ ಬಿಚ್ಚಿರೋದುಂಟು, ಒಂಟಿ ಮರದಲ್ಲೂ ನಾಕು ಕಾಯಿ ಆಗೋದು ಆ ಪುಣ್ಯಕ್ಕೆ.

ನಿಮ್ಮ ಮರ ಯಾವ ಟೈಪ್ ಅಂತ ತಿಳ್ಕೊಳೋಕೆ ಲ್ಯಾಬ್ ಏನೂ ಬೇಡ. ಒಳ್ಳೆ ಬಿಸಿಲಿರೋ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ಏಣಿ ಹಾಕಿ ಹತ್ತಿ. ಆಗ ತಾನೇ ಬಿಚ್ಚಿದ ಹೂವಿನ ನಡುವೆ ಬೆಳ್ಳಗೆ ಸೂಜಿ ಮೊನೆ ಥರ ಒಂದು ಕಡ್ಡಿ ನಿಂತಿದ್ದು, ಸುತ್ತ ಕೇಸರಗಳು ದಳದ ಮೇಲೆ ಚಪ್ಪಟೆಯಾಗಿ ಮಲಗಿದ್ರೆ ಅದು ಹೆಣ್ಣು. ಕೇಸರ ಎದ್ದು ನಿಂತು, ತುದೀಲಿ ಸಣ್ಣ ಸಣ್ಣ ಮುಚ್ಚಳ ತೆರೆದ ಹಾಗೆ ಕಂಡು, ಮುಟ್ಟಿದ್ರೆ ಬೆರಳಿಗೆ ಹಳದಿ ಅಂಟಿದ್ರೆ ಗಂಡು, ಆ ಹೊತ್ತಿಗೆ ನಡುವಿನ ಕಡ್ಡಿ ಕಂದಾಗಿ ಬಾಡಿರುತ್ತೆ. ನಾನು ಐದಾರು ಹೂಗೊಂಚಲಿಗೆ ಕೆಂಪು ದಾರ ಕಟ್ಟಿ ಬೆಳಗ್ಗೆ ಒಂಬತ್ತಕ್ಕೆ, ಸಂಜೆ ಮೂರೂವರೆಗೆ, ಮೂರು ದಿನ ನೋಡ್ದೆ, ಕೆಲಸದವರು ಮರಕ್ಕೆ ಹರಕೆ ಹೊತ್ತಿದಾರೆ ಅಂತ ನಕ್ಕಿದ್ದೂ ಆಯ್ತು. ಮೋಡ, ಮಂಜು ಇರೋ ದಿನ ನೋಡ್ಬೇಡಿ. ಹಗಲು 25 ಡಿಗ್ರಿ, ರಾತ್ರಿ 20 ಡಿಗ್ರಿ ಹತ್ರ ಇದ್ರೆ ಟೈಮ್ ಸರಿಯಾಗಿ ನಡೆಯುತ್ತೆ, ಚಳಿ ಜಾಸ್ತಿಯಾದ್ರೆ ಎಲ್ಲ ಗಂಟೆಗಟ್ಲೆ ಹಿಂದೆ ಬೀಳುತ್ತೆ, ನಮ್ಮ ಚಿಕ್ಕಮಗಳೂರು ಗಿರಿ ಕಡೆಯವರು ಇದನ್ನ ನೆನಪಿಟ್ಕೊಳಿ.

ಲೈನ್ ಮನೆ ಹತ್ರದ ನಾಟಿ ಮರ ನೋಡಿದ್ರೆ ಬೆಳಗ್ಗೆ ಹಳದಿ ಪುಡಿ, ಅಂದ್ರೆ ಬಿ. ಉತ್ತರ ತೋಟದಲ್ಲೇ ಇತ್ತು.

ಈಗ ಹೊಸದಾಗಿ ಹಾಕೋರಾದ್ರೆ ಎಂಟು ಎ ಗಿಡದ ನಡುವೆ ಒಂದು ಬಿ, ಇಷ್ಟಾದ್ರೂ ಇರಲಿ, ಒಂದು ಮೂಲೇಲಿ ಎಲ್ಲ ಬಿ ಗುಡ್ಡೆ ಹಾಕ್ಬೇಡಿ, ಜೇನು ಪಕ್ಕದ ಮರಕ್ಕೆ ಹೋದಷ್ಟು ಸುಲಭವಾಗಿ ನಾಕು ಸಾಲು ದಾಟಲ್ಲ. ಗಿಡ ತರೋವಾಗ ಯಾವ ತಳಿ ಅಂತ ಬಾಯಿಬಿಟ್ಟು ಕೇಳಿ, ಬರೀ ಹೈಬ್ರಿಡ್ ಅಂದ್ರೆ ವಾಪಸ್ ಬನ್ನಿ. ಮರ ಆಗ್ಲೇ ಬೆಳೆದಿದ್ರೆ ಕಡಿಯೋದು ಬೇಡ, ಒಂದು ಕೊಂಬೆಗೆ ಬೇರೆ ಟೈಪಿನ ಕಸಿ ಕಟ್ಟಿದ್ರೆ ಸಾಕು. ಪೆನ್ಸಿಲ್ ದಪ್ಪದ, ಮೊಗ್ಗು ಉಬ್ಬಿರೋ ಆದ್ರೆ ಇನ್ನೂ ಚಿಗುರದ ಕಡ್ಡಿ ತಗೊಂಡು ಎಲೆ ಎಲ್ಲ ಕತ್ತರಿಸಿ, ಬುಡನ ಎರಡೂ ಕಡೆ ಬೆಣೆ ಥರ ಹೆರೆದು, ಕೊಂಬೆ ಸೀಳಿ ಅದರೊಳಗೆ ಕೂರಿಸಿ. ಕೊನೇಪಕ್ಷ ಒಂದು ಕಡೆ ಆದ್ರೂ ಎರಡರ ತೊಗಟೆ ಒಳಗಿನ ಹಸಿ ಪದರ ಒಂದಕ್ಕೊಂದು ಕೂಡ್ಬೇಕು, ಕೆಟ್ಟೋಗೋದೆಲ್ಲ ಇಲ್ಲೇ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಮೇಲೆ ಸಣ್ಣ ಕವರ್ ಟೋಪಿ ಹಾಕಿ. ಜೋರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಇನ್ನು ಬೀಜದ ವಿಷಯ. ನಾವು ಕಾಫಿಯವರು ಅರೇಬಿಕಾ ನೋಡಿ ನೋಡಿ ಕೆಟ್ಟಿದೀವಿ ಅನ್ಸುತ್ತೆ. ಎಸ್ 795 ಅನ್ನೋ ಅರೇಬಿಕಾ ತಳಿ ಬೀಜ ಹಾಕಿದ್ರೆ ಹೆಚ್ಚುಕಮ್ಮಿ ತಾಯಿ ಥರಾನೇ ಗಿಡ ಬರುತ್ತೆ, ಯಾಕಂದ್ರೆ ಅರೇಬಿಕಾ ತನಗೆ ತಾನೇ ಪರಾಗ ಮಾಡ್ಕೊಳೋದೇ ಹೆಚ್ಚು. ಬೆಣ್ಣೆಹಣ್ಣು ಹಾಗಲ್ಲ, ಒಂದೇ ಮರದ ಹತ್ತು ಬೀಜ ಹಾಕಿದ್ರೆ ಹತ್ತು ಥರ, ಒಂದು ಬೆಣ್ಣೆ, ಒಂದು ನೀರು, ಒಂದು ನಾರು, ಇನ್ನೊಂದು ಹತ್ತು ವರ್ಷ ಆದ್ರೂ ಕಾಯಿನೇ ಬಿಡಲ್ಲ. ಇದರ ಮೂಲದಲ್ಲೇ ಮೂರು ಕುಲ ಇದೆ. ಮೆಕ್ಸಿಕನ್ ಆದ್ರೆ ಸಿಪ್ಪೆ ತೆಳು, ಎಲೆ ಉಜ್ಜಿ ಮೂಸಿದ್ರೆ ಹೆಚ್ಚಾಗಿ ಸೋಂಪಿನ ವಾಸನೆ (ದಾಲ್ಚಿನ್ನಿ ಕುಟುಂಬನೇ ಅಲ್ವಾ ಇದು). ಗ್ವಾಟೆಮಾಲಾದ್ದು ದಪ್ಪ ಒರಟು ಸಿಪ್ಪೆ. ವೆಸ್ಟ್ ಇಂಡಿಯನ್ ಅಂದ್ರೆ ದೊಡ್ಡ ನುಣುಪು ಹಣ್ಣು, ಎಣ್ಣೆ ಅಂಶ ಕಮ್ಮಿ, ಸೆಕೆ ತಡೆಯುತ್ತೆ. ಇವೆಲ್ಲ ಒಂದಕ್ಕೊಂದು ಬೆರೆತು ಬೆರೆತು ನಮ್ಮ ಮನೆ ಹಿತ್ತಲಿಗೆ ಬಂದಿರೋದು.

ಹ್ಯಾಸ್ ಕೂಡ ಹೀಗೆ ಹುಟ್ಟಿದ್ದೇ. ಕ್ಯಾಲಿಫೋರ್ನಿಯಾದ ರುಡಾಲ್ಫ್ ಹ್ಯಾಸ್ ಅನ್ನೋ ಪೋಸ್ಟ್‌ಮ್ಯಾನ್ ಬೀಜದ ಗಿಡಕ್ಕೆ ಫ್ಯುಯೆರ್ಟೆ ಕಸಿ ಕಟ್ಟೋಕೆ ಹೋದ್ರು, ಕಸಿ ಹಿಡೀಲಿಲ್ಲ, ಗಿಡ ಹಾಗೇ ಬಿಟ್ರು, ಅದರ ಹಣ್ಣೇ ಚೆನ್ನಾಗಿತ್ತು. 1935ರಲ್ಲಿ ಪೇಟೆಂಟ್ ಆಯ್ತು. ಇವತ್ತು ಲೋಕದಲ್ಲಿರೋ ಹ್ಯಾಸ್ ಎಲ್ಲ ಆ ಒಂದೇ ಮರದ ಕಡ್ಡಿ, ಆ ತಾಯಿಮರ 2002ರಲ್ಲಿ ಬೇರುಕೊಳೆ ಬಂದು ಸತ್ತೋಯ್ತು. ಒಂದೇ ಕಡ್ಡಿಯ ಮರಗಳಾದ್ರೆ ಒಂದಕ್ಕೆ ಬಂದ ಕಾಯಿಲೆಗೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ ಬಗ್ಗುತ್ತೆ. ಅದಕ್ಕೇ ನಾನು ಹೇಳೋದು, ಮಳೆಗೆ ನಿಂತು ಗೆದ್ದಿರೋ ಮೂರ್ನಾಕು ಬೇರೆ ಬೇರೆ ನಾಟಿ ಮರದ ಬೀಜ ಹಾಕಿ ಗಿಡ ಮಾಡಿ, ಅದರ ಮೇಲೆ ನಿಮಗೆ ಬೇಕಾದ್ದು ಕಟ್ಟಿ. ಬೀಜ ಒಣಗೋಕೆ ಬಿಡ್ಬೇಡಿ, ಹಣ್ಣಿಂದ ತೆಗೆದು ಎರಡ್ಮೂರು ದಿನದಲ್ಲೇ ಅಗಲ ಬುಡ ಕೆಳಗೆ, ಚೂಪು ಮೇಲೆ ಮಾಡಿ ಹಾಕಿ. ನೀರು ನಿಲ್ಲೋ ಜಾಗ ಅಂತೂ ಬೇಡವೇ ಬೇಡ.

ಪಕ್ಕದ ನಾಟಿ ಮರದಿಂದ ಹ್ಯಾಸ್ ಹಣ್ಣಿನ ರುಚಿ ಕೆಡುತ್ತೆ ಅಂತ ನಮ್ಮೂರಲ್ಲೇ ಒಬ್ರು ಮರ ಕಡಿಸಿದ್ರು. ತಪ್ಪು. ತಿನ್ನೋ ತಿರುಳು ತಾಯಿಮರದ್ದೇ, ಬೆರಕೆ ಆಗೋದು ಒಳಗಿನ ಬೀಜ ಮಾತ್ರ.

ಕೊನೇದು ಜೇನು. ಬೆಣ್ಣೆಹಣ್ಣಿನ ಹೂವು ಜೇನಿಗೆ ಅಂಥಾ ಇಷ್ಟದ್ದಲ್ಲ, ಹೂಮಳೆ ಬಿದ್ದು ಕಾಫಿ ಅರಳಿದ ದಿನ ಅಂತೂ ಈ ಕಡೆ ತಲೆನೂ ಹಾಕಲ್ಲ. ಎರಡು ತುಡುವೆ ಜೇನಿನ ಪೆಟ್ಟಿಗೆ ಮರಗಳ ನಡುವೆ ಇಡಿ, ಹೂ ಇರೋವಷ್ಟು ದಿನ ಔಷಧಿ ಹೊಡೀಬೇಡಿ. ಒಂದು ಮರ ಲಕ್ಷಗಟ್ಲೆ ಹೂ ಬಿಡುತ್ತೆ, ಸಾವಿರಕ್ಕೆ ಒಂದು ಕಾಯಿ ನಿಂತ್ರೂ ಮರ ತುಂಬುತ್ತೆ, ಉದುರೋದು ನೋಡಿ ಗಾಬರಿ ಆಗ್ಬೇಡಿ. ನಾವು ಕಟ್ಟಿದ ಆರು ಕಸೀಲಿ ನಾಕು ಚಿಗುರಿದೆ, ಎರಡು ಒಣಗೋಯ್ತು, ಆ ಎರಡೂ ದೊಡ್ಡಪ್ಪ ಕಟ್ಟಿದ್ದು.